ಹಳೆಯ ಹಾಲಿವುಡ್ ಪತ್ತೇದಾರಿ ಸಿನಿಮಾಗಳಲ್ಲಿ ಏಷ್ಯಾ ಮೂಲದ ನಟರಿಗೆ ಮುಖ್ಯ ಪಾತ್ರ ಸಿಗುತ್ತಿತ್ತಾ?

ಸಿಗುತ್ತಿತ್ತು, ಆದರೆ ತೀರಾ ಅಪರೂಪಕ್ಕೆ. ಚಾರ್ಲಿ ಚಾನ್ ಅನ್ನೋ ಚೀನೀ ಪತ್ತೇದಾರನನ್ನೇ ತಗೊಳ್ಳಿ. 1926 ಮತ್ತು 1927ರ ಮೂಕಿ ಚಿತ್ರಗಳಲ್ಲಿ ಆ ಪಾತ್ರ ಮಾಡಿದ್ದು ಜಪಾನಿ ನಟರು. 1931ರಿಂದ ಚಾನ್ ಸಿಕ್ಕಾಪಟ್ಟೆ ಜನಪ್ರಿಯನಾದ, ಆಗ ಪಾತ್ರ ಹೋಗಿದ್ದು ಸ್ವೀಡನ್‌ನಲ್ಲಿ ಹುಟ್ಟಿದ ವಾರ್ನರ್ ಓಲಾಂಡ್‌ಗೆ. 1935ರಿಂದ ಮಗನ ಪಾತ್ರಕ್ಕೆ ಬಂದ ಕೀ ಲ್ಯೂಕ್ ಮಾತ್ರ ನಿಜಕ್ಕೂ ಚೀನೀ ಮೂಲದವರು. ಅಪ್ಪನ ಪಾತ್ರಕ್ಕೆ ಅಂಥವರು ಸಿಗಲಿಲ್ಲ ಅಂದರೆ ನಂಬೋದು ಕಷ್ಟ, ಅಲ್ವಾ?

ನನಗೆ ಜಾಸ್ತಿ ಇಷ್ಟ 1937ರ 'ಡಾಟರ್ ಆಫ್ ಶಾಂಘೈ'. ಜನರನ್ನು ಕದ್ದು ಸಾಗಿಸುವ ಗುಂಪು ಅಪ್ಪನನ್ನು ಕೊಂದಾಗ ಮಗಳು ಅಳುತ್ತಾ ಕೂರುವುದಿಲ್ಲ, ನರ್ತಕಿಯ ವೇಷದಲ್ಲಿ ಅವರ ಅಡ್ಡೆಗೇ ನುಗ್ಗುತ್ತಾಳೆ. ಆ ಮಗಳ ಪಾತ್ರ ಮಾಡಿದ್ದು ಚೀನೀ ಮೂಲದ ಅಮೆರಿಕನ್ ನಟಿ ಆನಾ ಮೇ ವಾಂಗ್. ಜೊತೆಗಿರುವ ಸರ್ಕಾರಿ ಪತ್ತೇದಾರನಾಗಿ ಕೊರಿಯಾ ಮೂಲದ ನಟ ಫಿಲಿಪ್ ಆನ್. ಇಬ್ಬರೂ ಕೊನೆವರೆಗೆ ಬದುಕಿ ಒಂದಾಗುತ್ತಾರೆ, ಆ ಕಾಲಕ್ಕೆ ಇದು ಸಣ್ಣ ಮಾತಲ್ಲ.

ಇನ್ನು ಮಿಸ್ಟರ್ ವಾಂಗ್ ಅನ್ನೋ ಪತ್ತೇದಾರನ ಸಿನಿಮಾ ಸರಣಿ. ಅದರಲ್ಲಿ ಇಂಗ್ಲೆಂಡ್‌ನಲ್ಲಿ ಹುಟ್ಟಿದ ನಟ ಬೋರಿಸ್ ಕಾರ್ಲಾಫ್ ಚೀನೀ ಪತ್ತೇದಾರನಾಗಿದ್ದರು. 1940ರಲ್ಲಿ ಆ ಜಾಗಕ್ಕೆ ಕೀ ಲ್ಯೂಕ್ ಬಂದರು. ಆದರೆ ಅದೇ ಸರಣಿಯ ಕೊನೆಯ ಸಿನಿಮಾ ಆಯಿತು.