ಬಾರ್ ಬಿಲ್ ಉಳೀತು, ಬಾಟಲಿ ಮನೆಗೆ ಬಂತು: ಒಂದು ಆಪ್ತಸಲಹೆ ಪ್ರಕರಣ

(ಗಂಡ ಹೆಂಡತಿ ಇಬ್ಬರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ಅವತ್ತು ಮೊದಲು ಮಾತಾಡಿದ್ದು ಹೆಂಡತಿ. "ತಪ್ಪು ನಂದರೀ ಮೇಡಂ. ಮನಿಗೇ ತಂದು ಕುಡೀರಿ ಅಂತ ನಾನ ಹೇಳಿದ್ದು." ಹಾಗೆಂದು ಚೀಲದಿಂದ ಒಂದು ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ಗಂಡ ಪಕ್ಕದಲ್ಲಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು.

ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶದಲ್ಲಿ ಅವರು ಟರ್ನರ್, ಲೇತ್ ಯಂತ್ರದ ಕೆಲಸ. ವಯಸ್ಸು ನಲವತ್ತು ದಾಟಿದೆ. ಹೆಂಡತಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಹತ್ತು ವರ್ಷದ ಮಗ ಇದ್ದಾನೆ.

ನೋಟ್‌ಬುಕ್ಕಿನ ಲೆಕ್ಕ ಅಚ್ಚುಕಟ್ಟಾಗಿತ್ತು. ವಾರಕ್ಕೆ ಮೂರು ದಿನ ಬಾರ್. ದಿನಕ್ಕೆ ಎರಡು ಲಾರ್ಜ್ ಪೆಗ್, ಅಂದರೆ 120 ಮಿಲಿ. ಒಂದು ಲಾರ್ಜ್‌ಗೆ 170 ರೂಪಾಯಿ. ಸೋಡಾ, ಶೇಂಗಾ, ಆಮ್ಲೆಟ್, ಸಪ್ಲಾಯರ್‌ಗೆ ಟಿಪ್ಸ್ ಸೇರಿ ಒಂದು ಸಂಜೆಗೆ 470. ನಾಲ್ಕು ವಾರಕ್ಕೆ 5,640. ವೈನ್ ಶಾಪ್‌ನಲ್ಲಿ ಅದೇ ವಿಸ್ಕಿಯ 750 ಮಿಲಿ ಫುಲ್ ಬಾಟಲಿಗೆ 1,400. ಲಾರ್ಜ್ ಒಂದಕ್ಕೆ 112 ಬೀಳುತ್ತದೆ. ಶೇಂಗಾ ಮನೆಯದೇ. ಅಷ್ಟೇ ಕುಡಿದರೆ ತಿಂಗಳಿಗೆ 2,700 ಸಾಕು. ಮಗನ ಟ್ಯೂಷನ್ ಫೀ ಉಳಿಯುತ್ತದೆ!

ಈ ಲೆಕ್ಕ ಹಾಕಿದ್ದಕ್ಕೆ ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. 2023ರ ಜುಲೈ ಬಜೆಟ್‌ನಲ್ಲಿ ಮದ್ಯದ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ ಶೇ 20ರಷ್ಟು ಏರಿದಾಗ ಬಾರ್ ಬಿಲ್ಲೂ ಏರಿತ್ತು. ವೈನ್ ಶಾಪ್‌ನಲ್ಲಿ ಎಂಆರ್‌ಪಿಗೆ ಕೊಡಬೇಕು. ಬಾರ್‌ನಲ್ಲಿ ಕುರ್ಚಿ, ಫ್ಯಾನು, ಆಳು ಎಲ್ಲದರ ದುಡ್ಡೂ ಪೆಗ್‌ಗೆ ಸೇರುತ್ತದೆ. ಜೊತೆಗೆ ಗಂಡ ಬಾರ್‌ನಿಂದ ಬೈಕಿನಲ್ಲಿ ಬರುತ್ತಿದ್ದರು. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಮೊದಲ ಸಲವೇ 10,000 ರೂಪಾಯಿ ದಂಡ, ಜೈಲೂ ಆಗಬಹುದು. ರಾತ್ರಿ ಹತ್ತಾದರೂ ಗಾಡಿ ಸದ್ದು ಕೇಳದಿದ್ದರೆ ಆ ಹೆಣ್ಣುಮಗಳು ಬಾಗಿಲಲ್ಲೇ ನಿಂತಿರುತ್ತಿದ್ದರಂತೆ. ಕಣ್ಣೆದುರಿಗೆ ಇರಲಿ ಅನ್ನಿಸದೆ ಇರುತ್ತದಾ?

ಗೋವಾಕ್ಕೆ ಹೋಗಿದ್ದ ಗೆಳೆಯನೊಬ್ಬ ಎರಡು ಬಾಟಲಿ ತಂದುಕೊಟ್ಟಿದ್ದೂ ಅದೇ ಹೊತ್ತಿಗೆ. ಅಲ್ಲಿ ತೆರಿಗೆ ಕಡಿಮೆ, ಬಾಟಲಿ ಅಗ್ಗ. ಪರ್ಮಿಟ್ ಇಲ್ಲದೆ ಗಡಿ ದಾಟಿಸುವುದು ಅಪರಾಧ ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು, ಆದರೂ ತರುತ್ತಾರೆ. ಆ ಎರಡು ಬಾಟಲಿ ಹತ್ತೇ ದಿನದಲ್ಲಿ ಮುಗಿದವು. ಅಗ್ಗದ್ದು ಅಂದರೆ ಕೈ ಧಾರಾಳ.

ಐದು ತಿಂಗಳಾದ ಮೇಲೆ ನನ್ನ ಹತ್ತಿರ ಬಂದಾಗ ವಾರಕ್ಕೆ ಎರಡು ಫುಲ್ ಖಾಲಿಯಾಗುತ್ತಿತ್ತು. ಆದರೆ ಗಂಡ ಒಪ್ಪಲಿಲ್ಲ. "ಎರಡ ಪೆಗ್ ರೀ ಮೇಡಂ. ಆವಾಗೂ ಎರಡ, ಈಗೂ ಎರಡ." ಅವರು ಸುಳ್ಳು ಹೇಳುತ್ತಿಲ್ಲ ಅಂತ ನನಗೆ ಅನ್ನಿಸಿತು.

ಸ್ಟೀಲ್ ಲೋಟ ಮತ್ತು ನೀರಿನ ಜಗ್ ಕೊಟ್ಟು, "ಮನೆಯಲ್ಲಿ ಒಂದು ಲಾರ್ಜ್ ಹಾಕಿಕೊಳ್ಳುವ ಹಾಗೆ ಹಾಕಿ" ಅಂದೆ. ತೊಡೆಯ ಕೆಳಗಿದ್ದ ಕೈ ಆಗ ಹೊರಗೆ ಬಂತು. ನಡುಗುತ್ತಿತ್ತು. ಲೋಟದ ನೀರನ್ನು ಅಳತೆ ಪಾತ್ರೆಗೆ ಸುರಿದು ಅವರ ಮುಂದೆ ಹಿಡಿದೆ. 95 ಮಿಲಿ. ದಿನವಿಡೀ ಮೈಕ್ರೋಮೀಟರ್ ಹಿಡಿದು ಮಿಲಿಮೀಟರಿನ ನೂರನೇ ಭಾಗ ನೋಡುವ ಮನುಷ್ಯ ಅದನ್ನೇ ತುಂಬಾ ಹೊತ್ತು ನೋಡಿದರು. 60 ಅಂದುಕೊಂಡಿದ್ದು 95. ವಾರಕ್ಕೆ ಮೂರು ದಿನ ಇದ್ದದ್ದು ಏಳು ದಿನ. ಭಾನುವಾರ ಮಧ್ಯಾಹ್ನದ ಊಟಕ್ಕೆ ಮುಂಚಿನದು ಬೇರೆ. ವಾರಕ್ಕೆ 360 ಮಿಲಿ ಇದ್ದದ್ದು 1,500 ಆಗಿತ್ತು. ಖರ್ಚು ನಾಲ್ಕು ವಾರಕ್ಕೆ 11,200, ಬಾರ್ ಬಿಲ್ಲಿನ ಎರಡು ಪಟ್ಟು. ಪೆಗ್ಗಿನ ದರ ಇಳಿದಿದ್ದು ನಿಜ, ಮನೆಯ ಖರ್ಚು ಇಳಿಯಲಿಲ್ಲ.

"ಹಂಗಾರ ಬಾರ್‌ನ್ಯಾಗ ಕುಡಿಯೂದ ಚಲೋ ಏನ್ರೀ?" ಎಂದು ಗಂಡ ಕೇಳಿದರು.

ಈ ಪ್ರಶ್ನೆ ನನಗೆ ಬಹಳ ಜನ ಕೇಳುತ್ತಾರೆ. ಬಾರ್‌ನಲ್ಲಿ ಕೆಲವು ಬೇಲಿ ತಾನಾಗಿ ಇರುತ್ತವೆ. 30, 60ರ ಅಳತೆ ಇರುತ್ತದೆ, ಬಿಲ್ ಬರುತ್ತದೆ, ಶಟರ್ ಎಳೆಯುತ್ತಾರೆ, ಮನೆಗೆ ಹೋಗಬೇಕು ಅನ್ನೋ ನೆನಪಿರುತ್ತದೆ. ಮನೆಯಲ್ಲಿ ಶಟರ್ ಇಲ್ಲ. ಆದರೆ ಬೆಳಿಗ್ಗೆ ಕೈ ನಡುಗುವವರಿಗೆ ಬಾರಾ ಮನೆಯಾ ಅನ್ನೋ ಪ್ರಶ್ನೆಯೇ ಮುಗಿದಿದೆ. ಇದನ್ನು ಅವರಿಗೆ ನೇರವಾಗಿ ಹೇಳಿದೆ. ನಮ್ಮಲ್ಲಿ ಸಿಗುವ ವಿಸ್ಕಿಯಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ಶೇ 42.8. ಅಂದರೆ 30 ಮಿಲಿಯಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್. ಅವರ ವಾರದ ಲೆಕ್ಕ 500 ಗ್ರಾಂ. ಕುಡಿತದ ಸಮಸ್ಯೆ ಎಷ್ಟಿದೆ ಅಂತ ಅಳೆಯುವ, ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ಆಡಿಟ್ (AUDIT) ಪರೀಕ್ಷೆಯಲ್ಲಿ 24 ಅಂಕ ಬಂತು. 20 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅವಲಂಬನೆ ಇರಬಹುದು, ಡಾಕ್ಟರ್ ನೋಡಲೇಬೇಕು.

"ಸರಿ, ನಾಳೆಯಿಂದ ಬಂದ್" ಅಂದರು. ಬೇಡ ಅಂದೆ. ಹೆಂಡತಿಗೆ ಆಶ್ಚರ್ಯ. ದಿನಾ ಇಷ್ಟು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನವೇ ನಡುಕ, ಬೆವರು, ನಿದ್ದೆಗೇಡು ಶುರುವಾಗುತ್ತದೆ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡನೇ ಮೂರನೇ ದಿನ ಭ್ರಮೆ ಹಿಡಿದು ಜೀವಕ್ಕೇ ಅಪಾಯ ಆಗಬಹುದು. ಅದಕ್ಕೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ಚೀಟಿ ಬರೆದುಕೊಟ್ಟೆ. ಅವರು ಐದು ದಿನ ಅಡ್ಮಿಟ್ ಮಾಡಿಕೊಂಡು ಮಾತ್ರೆ, ವಿಟಮಿನ್ ಬಿ1 ಕೊಟ್ಟು ಬಿಡಿಸಿದರು.

ಹೆಂಡತಿಗೆ ನಾನು ಹೇಳಿದ್ದು ಬೇರೆ. ಬಾಟಲಿ ತರಲು ಹೇಳಿದ್ದು ನೀವಿರಬಹುದು, ಆದರೆ ಲೋಟ ತುಂಬಿಸಿದ್ದು ನೀವಲ್ಲ. ಆ ಭಾರ ಇಳಿಸಿ. ವಿಸ್ಕಿಗೆ ಕದ್ದು ನೀರು ಬೆರೆಸಬೇಡಿ. ಯಾರೋ ಕೊಟ್ಟ ಕುಡಿತ ಬಿಡಿಸುವ ಪುಡಿಯನ್ನು ಗೊತ್ತಾಗದಂತೆ ಸಾರಿಗೆ ಹಾಕಬೇಡಿ. ಅಂಥ ಕೆಲವು ಔಷಧ ಮದ್ಯದ ಜೊತೆ ಸೇರಿದರೆ ಪ್ರಾಣಕ್ಕೇ ಬರುತ್ತದೆ. ರಾತ್ರಿ ದಿಕ್ಕು ತೋಚದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಅಥವಾ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ. ಇನ್ನೊಂದು ಮಾತು ನನ್ನ ಮನಸ್ಸಿಗೆ ತುಂಬಾ ಹತ್ತಿರದ್ದು. ಸಂಜೆ ಸೋಡಾ ತರಲು ಮಗನನ್ನು ಅಂಗಡಿಗೆ ಕಳಿಸುತ್ತಿದ್ದರು. ಲೋಟ ತೊಳೆಯುವವನೂ ಅವನೇ. ಅದನ್ನು ಅವತ್ತೇ ನಿಲ್ಲಿಸಿ ಅಂದೆ.

ಇನ್ನೂ ಹಿಡಿತದಲ್ಲಿರುವವರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ಇಷ್ಟು ಕುಡಿದರೆ ಸುರಕ್ಷಿತ ಎನ್ನುವ ಮಿತಿಯೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಆದರೂ ಮನೆಗೆ ತರುವುದೇ ಆದರೆ ಫುಲ್ ತರಬೇಡಿ. ಕ್ವಾಟರ್ (180 ಮಿಲಿ) ತನ್ನಿ, ಮಿಲಿಗೆ ದರ ಸ್ವಲ್ಪ ಜಾಸ್ತಿ ಬಿದ್ದರೂ ಪರವಾಗಿಲ್ಲ. 30ರ ಅಳತೆ ಇಲ್ಲದೆ ಹಾಕಿಕೊಳ್ಳಬೇಡಿ. ಲೆಕ್ಕ ಬರೆಯುವುದಾದರೆ ಪೆಗ್ಗಿನ ದರ ಬರೆಯಬೇಡಿ, ವಾರದಲ್ಲಿ ಎಷ್ಟು ಮಿಲಿ ಅಂತ ಬರೆಯಿರಿ.

ಮೂರು ತಿಂಗಳು ಅವರು ಮುಟ್ಟಲಿಲ್ಲ. ಗಣಪತಿ ವಿಸರ್ಜನೆ ರಾತ್ರಿ ಗೆಳೆಯರ ಜೊತೆ ಕುಡಿದರು. ಬೆಳಗಾವಿಯ ವಿಸರ್ಜನೆ ಎಂದರೆ ಬೆಳಗಾಗುವವರೆಗೂ ಮೆರವಣಿಗೆ, ಬೇಡ ಅನ್ನುವುದು ಸುಲಭ ಅಲ್ಲ. ಮರುದಿನ ತಾವೇ ಬಂದು ಹೇಳಿದರು, ಹೆಂಡತಿ ಕರೆತಂದಿದ್ದಲ್ಲ. ಅಂಥ ದಿನಗಳ ಪಟ್ಟಿ ಮಾಡಿ, ಆ ರಾತ್ರಿ ಯಾರ ಜೊತೆ ಇರಬೇಕು ಅಂತ ಮೊದಲೇ ಗೊತ್ತು ಮಾಡಿಕೊಂಡೆವು. ಈಗ ಹದಿನೈದು ದಿನಕ್ಕೊಮ್ಮೆ ಶನಿವಾರ ಬರುತ್ತಾರೆ. ಈ ಸಲ ಮಗನನ್ನೂ ಕರೆತರಲು ಹೇಳಿದ್ದೇನೆ. ಅವನೊಬ್ಬನ ಜೊತೆಯೇ ಮಾತಾಡಬೇಕಿದೆ.