"ಅದು ನಮ್ಮ ಕಾಲದಲ್ಲಿ ಆಗಿದ್ದಲ್ವಲ್ಲ ಮೇಡಂ"

ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದೀನಿ. ಆಸ್ಟ್ರೇಲಿಯಾದಲ್ಲಿ ಟೀಮ್ ಲೀಡ್ ಆಗಿರೋ ಕನ್ನಡಿಗರೊಬ್ಬರು, ನಿದ್ದೆ ಬರ್ತಿಲ್ಲ, ಆಫೀಸಿಗೆ ಹೋಗೋಕೇ ಮನಸ್ಸಿಲ್ಲ ಅಂತ ವಿಡಿಯೋ ಕಾಲ್‌ನಲ್ಲಿ ನನ್ನ ಹತ್ರ ಕೌನ್ಸೆಲಿಂಗ್‌ಗೆ ಬಂದ್ರು.

ಅಲ್ಲಿ ಪ್ರತಿ ವರ್ಷ ಮೇ 27ರಿಂದ ಜೂನ್ 3ರವರೆಗೆ ರೆಕನ್ಸಿಲಿಯೇಷನ್ ವೀಕ್, ಅಂದ್ರೆ ಮೂಲನಿವಾಸಿಗಳ ಜೊತೆ ಸಾಮರಸ್ಯದ ವಾರ, ಮೂಲನಿವಾಸಿಗಳಿಗಾದ ಅನ್ಯಾಯದ ಬಗ್ಗೆ ಆಫೀಸ್‌ಗಳಲ್ಲೂ ಕೂತು ಮಾತಾಡ್ತಾರೆ. ಇವರ ಸರದಿ ಬಂದಾಗ "ನಾವು ಇಲ್ಲಿಗೆ ಬಂದಿದ್ದೇ ಮೊನ್ನೆ ಮೊನ್ನೆ, ಬ್ರಿಟಿಷರು ನಮ್ಮನ್ನೂ ಆಳಿದ್ರು, ನಾವು ಅದನ್ನ ಬಿಟ್ಟು ಮುಂದೆ ಬಂದ್ವಲ್ಲ" ಅಂದ್ಬಿಟ್ರಂತೆ. ಎದುರಿಗಿದ್ದ ಅಬೊರಿಜಿನಲ್ (ಮೂಲನಿವಾಸಿ) ಸಹೋದ್ಯೋಗಿ ಕೈಲಿದ್ದ ಕಪ್ ಕೆಳಗಿಟ್ಟು, "ನಮ್ಮಮ್ಮನ್ನ ನಾಲ್ಕು ವರ್ಷ ಇರುವಾಗ ಮನೆಯಿಂದ ಎತ್ಕೊಂಡು ಹೋದ್ರು" ಅಂತ ಅಷ್ಟೇ ಹೇಳಿ ಸುಮ್ಮನಾದ್ರು. ಆಮೇಲಿಂದ ಇವರು ಮೆಸೇಜ್ ಮೇಲೆ ಮೆಸೇಜ್, ನನ್ನ ಉದ್ದೇಶ ಹಾಗಿರ್ಲಿಲ್ಲ, ತಪ್ಪು ತಿಳ್ಕೋಬೇಡಿ ಅಂತ, ಆಕಡೆಯಿಂದ ಉತ್ತರವೇ ಇಲ್ಲ.

"ಅದು ನಮ್ಮ ಕಾಲದಲ್ಲಿ ಆಗಿದ್ದಲ್ವಲ್ಲ ಮೇಡಂ" ಅಂದ್ರು. ನಿಮ್ಮ ತಾಯಿ ಹುಟ್ಟಿದ್ದು ಯಾವಾಗ ಅಂತ ಕೇಳಿದೆ. 1958 ಅಂದ್ರು. ಸುಮಾರು 1910ರಿಂದ 1970ರವರೆಗೆ ಮೂಲನಿವಾಸಿಗಳ ಮಕ್ಕಳಲ್ಲಿ ಕಡಿಮೆ ಅಂದ್ರೂ ಹತ್ತಕ್ಕೊಂದು, ಹೆಚ್ಚಂದ್ರೆ ಮೂರಕ್ಕೊಂದು ಮಗುವನ್ನ ಸರ್ಕಾರದ ನೀತಿ ಪ್ರಕಾರವೇ ಮನೆಯವರಿಂದ ಬಲವಂತವಾಗಿ ಕಿತ್ಕೊಂಡ್ರು ಅಂತ ಅಲ್ಲಿನ 1997ರ 'ಬ್ರಿಂಗಿಂಗ್ ದೆಮ್ ಹೋಮ್' ವರದಿನೇ ಹೇಳುತ್ತೆ, ಅಂದ್ರೆ ನಿಮ್ಮ ತಾಯಿ ಓರಗೆಯವರು, ಇವತ್ತಿಗೂ ಬದುಕಿರೋ ಜನ ಅಂದೆ. ತುಂಬಾ ಹೊತ್ತು ಮಾತಾಡ್ಲಿಲ್ಲ. 2008ರ ಫೆಬ್ರವರಿ 13ಕ್ಕೆ ಪ್ರಧಾನಿ ಕೆವಿನ್ ರಡ್ ಸಂಸತ್ತಲ್ಲಿ ಕ್ಷಮೆ ಕೇಳಿದ್ರಲ್ಲ, ಅವರೇನು ಖುದ್ದಾಗಿ ಮಕ್ಕಳನ್ನ ಕಿತ್ಕೊಂಡವರಲ್ಲ, ಆದ್ರೂ ಕೇಳಿದ್ರು, ಅದನ್ನೂ ನೆನಪು ಮಾಡಿದೆ.

ಸಲಹೆ ಅಂತ ನಾನು ಹೇಳಿದ್ದು: ಮೊದಲು ಮೆಸೇಜ್ ನಿಲ್ಸಿ. ನೋವು ತಿಂದವರ ಹತ್ರಾನೇ ಸಮಾಧಾನ ಕೇಳಿದ ಹಾಗಾಗುತ್ತೆ ಅದು, ನನಗೆ ಇದು ತುಂಬಾ ಮುಖ್ಯ ಅನ್ಸುತ್ತೆ. ಒಂದೇ ಸಲ ಎದುರಿಗೆ, "ಅವತ್ತು ನಾನಾಡಿದ ಮಾತು ತಪ್ಪು, ಕ್ಷಮಿಸಿ" ಅನ್ನಿ, "ಆದ್ರೆ" ಅಂತ ಮುಂದುವರಿಸ್ಬೇಡಿ. ಅವರ ತಾಯಿ ಕಥೆ ಕೆದಕ್ಬೇಡಿ, ವರದಿಯಲ್ಲಿ ಸಂತ್ರಸ್ತರೇ ಹೇಳಿರೋ ಮಾತುಗಳಿವೆ, ನೀವೇ ಓದಿ. ಲೀಡ್ ಆಗಿ ಇನ್ನೊಂದು ಕೆಲ್ಸ ನಿಮ್ಮ ಕೈಲಿದೆ, ಮುಂದಿನ ವರ್ಷ ಇಂಥ ಸೆಷನ್‌ನಲ್ಲಿ ಮಾತಾಡಿ ಅಂತ ಅವರ ಮೇಲೆ ಒತ್ತಡ ಬೀಳದ ಹಾಗೆ ನೋಡ್ಕೊಳ್ಳಿ, ಸೆಷನ್‌ಗೇ ಬರದೇ ಇರೋಕೂ ಅವಕಾಶ ಇರ್ಲಿ.

ನನ್ನ ಹತ್ರ ಮುಂದಿನ ಸೆಷನ್‌ಗೆ ಬಂದಾಗ, ಕ್ಷಮೆ ಕೇಳಿದೆ, ಅವರು ಥ್ಯಾಂಕ್ಸ್ ಅಂದು ಕೆಲಸದ ಮಾತಿಗೆ ಹೋದ್ರು ಅಂದ್ರು. "ಇನ್ನೂ ಸಿಟ್ಟಿರಬಹುದಾ ಮೇಡಂ?" ಇರಬಹುದು, ಅದಕ್ಕೆ ಅವರ ಹಿಂದೆ ಬೀಳ್ಬೇಡಿ ಅಂದೆ. ನಿದ್ದೆ ಸ್ವಲ್ಪ ಸುಧಾರಿಸಿದೆ, ವರದಿ ಓದ್ತಿದಾರೆ.