ಎತ್ತುವ ಮುನ್ನ ಚೊಂಬು ಕೊಡಿ

ಪ್ರಶ್ನೆ: ತಂಗಿಯ ಮಗನಿಗೆ 6 ವರ್ಷ. ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಕಣ್ಣಿಗೆ ಬೆಳಕಷ್ಟೇ ಗೊತ್ತಾಗುತ್ತದೆ. ಸ್ನಾನಕ್ಕೆ ಎತ್ತಿಕೊಂಡರೆ ಕಿರುಚಿ ಕಚ್ಚುತ್ತಾನೆ. ಏನು ಮಾಡುವುದು?
– ಓದುಗರು, ಕುಮಟಾ

ಉತ್ತರ: ಅದು ಹಟವಲ್ಲ, ಗಾಬರಿ. ಯಾರು, ಎಲ್ಲಿಗೆ ಒಯ್ಯುತ್ತಿದ್ದಾರೆಂದು ತಿಳಿಯುವ ಮೊದಲೇ ಮೈಮೇಲೆ ನೀರು ಬಿದ್ದರೆ ಯಾರಾದರೂ ಕಚ್ಚಿಯಾರು!

ಮೊದಲು ಹೆಗಲ ಮೇಲೆ ಕೈಯಿಟ್ಟು, ನಿಧಾನ ಅಂಗೈವರೆಗೆ ಜಾರಿಸಿ. ನಿಮ್ಮ ಗುರುತು ಮುಟ್ಟಿಸಿ: ಅಮ್ಮನದು ಬಳೆ, ಅಪ್ಪನದು ವಾಚು. ಅದು ಯಾವತ್ತೂ ಬದಲಾಗಬಾರದು. ಆಮೇಲೆ ಸ್ನಾನದ ಚೊಂಬು ಅವನ ಕೈಗೆ ಕೊಟ್ಟು ಹತ್ತು ಸೆಕೆಂಡಾದರೂ ಕಾಯಿರಿ. ಹಂಡೆಯ ನೀರು ಆರೀತೆಂಬ ಅವಸರದಲ್ಲಿ ಮನೆಯವರು ತಪ್ಪಿಸುವುದು ಇದನ್ನೇ. ಚೊಂಬನ್ನು ಬಚ್ಚಲಿಗೆ ಅವನೇ ಹಿಡಿದುಕೊಂಡು ಬರಲಿ. ಮೈ ಒರೆಸಿದ ಮೇಲೆ ಅದನ್ನು ಬೇರೆ ಡಬ್ಬಿಗೆ ಹಾಕಿಸಿ. ಸ್ನಾನ ಮುಗಿಯಿತೆಂದು ಅವನಿಗೆ ತಿಳಿಯುವುದು ಹಾಗೆ.

ಹೀಗೇ ಪ್ರತಿ ಕೆಲಸಕ್ಕೂ ಮುನ್ನ ಅದರ ಗುರುತಿನ ವಸ್ತು ಕೈಗೆ ಕೊಡಿ. ಊಟಕ್ಕೆ ಅವನದೇ ಚಮಚ. ರಿಕ್ಷಾಕ್ಕೆ ಮಾತ್ರ ಆಟಿಕೆ ರಿಕ್ಷಾ ಕೊಡಬೇಡಿ, ಬೆರಳಿಗೆ ಅದು ಬರೀ ಪ್ಲಾಸ್ಟಿಕ್. ಸೀಟಿನ ರೆಕ್ಸಿನ್ ತುಂಡು ಕೊಟ್ಟರೆ ಕೂತ ಜಾಗ ನೆನಪಾಗುತ್ತದೆ. ಎರಡು-ಮೂರು ವಸ್ತುಗಳಿಂದ ಶುರುಮಾಡಿ.

ಅನ್ನ ಕಲಸಲು ಕಲಿಸುವಾಗ ನಿಮ್ಮ ಕೈ ಕೆಳಗೆ, ಅವನದು ಮೇಲೆ. ಮೇಲಿನಿಂದ ಒತ್ತಿ ಹಿಡಿದರೆ ಬೆರಳಿಗೆ ಏನೂ ತಿಳಿಯದು, ಬೇಡವೆಂದಾಗ ಕೈ ತೆಗೆಯಲೂ ಆಗದು. ಹೀಗೇ ಆದರೆ ಮಕ್ಕಳು ಮುಟ್ಟುವುದನ್ನೇ ಬಿಡುತ್ತಾರೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಿವುಡು-ಕುರುಡು ಎರಡೂ ಇರುವವರು ಬಹುವಿಧ ಅಂಗವೈಕಲ್ಯದಡಿ ಬರುತ್ತಾರೆ. ಕಾರವಾರದಲ್ಲಿ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿಗೆ ತಪಾಸಣೆಯಾಗುವಾಗ ಎರಡನ್ನೂ ನಮೂದಿಸಲು ಹೇಳಿ. ಮನೆಯಲ್ಲೇ ಪಾಠಕ್ಕೆ ತಾಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಲ್ಲಿ ವಿಶೇಷ ಶಿಕ್ಷಕರನ್ನು ವಿಚಾರಿಸಿ.

ಪ್ರಶ್ನೆ: ತಮ್ಮನಿಗೆ 19, ಹುಟ್ಟು ಕಿವುಡ. ಈಚೆಗೆ ಸಂಜೆಯಾದರೆ ತಡವರಿಸುತ್ತಾನೆ, ಪಕ್ಕದಲ್ಲಿಟ್ಟ ಲೋಟ ಕೆಡವುತ್ತಾನೆ. ಕನ್ನಡಕದಂಗಡಿಯಲ್ಲಿ ಕಣ್ಣು ಸರಿಯಿದೆ ಎಂದರು.
– ಓದುಗರು, ಶಿರಸಿ

ಉತ್ತರ: ಅಂಗಡಿಯ ಅಕ್ಷರದ ಬೋರ್ಡು ನಡುನೋಟವನ್ನಷ್ಟೇ ಅಳೆಯುತ್ತದೆ. ಹುಟ್ಟು ಕಿವುಡು, ಇರುಳುಗುರುಡು, ಬದಿಯ ನೋಟ ಕುಗ್ಗುವುದು ಮೂರೂ ಕೂಡಿದರೆ ಅಷರ್ ಸಿಂಡ್ರೋಮ್ (ಕಿವಿ, ಕಣ್ಣು ಎರಡಕ್ಕೂ ತಟ್ಟುವ ಆನುವಂಶಿಕ ಕಾಯಿಲೆ) ಇರಬಹುದು. ಕಣ್ಣಿನ ವೈದ್ಯರಲ್ಲಿ ಪಾಪೆ ಹಿಗ್ಗಿಸಿ ರೆಟಿನಾ ಪರೀಕ್ಷೆ, ಜೊತೆಗೆ ಬದಿನೋಟದ ಪರೀಕ್ಷೆ ಮಾಡಿಸಿ.

ಸನ್ನೆ ಮಾಡುವಾಗ ತೀರಾ ಹತ್ತಿರ ನಿಂತರೆ ನಿಮ್ಮ ಕೈಗಳು ಅವನ ನೋಟದಿಂದ ಹೊರಗುಳಿಯುತ್ತವೆ. ಒಂದೂವರೆ ಮೀಟರಿನಷ್ಟು ಹಿಂದೆ ಸರಿದು, ಕೈಗಳನ್ನು ಎದೆಯ ಬಳಿಯೇ ಆಡಿಸಿ. ಚೌಕುಳಿ ಅಂಗಿ ಬೇಡ. ಕೈ ಎದ್ದು ಕಾಣುವ ಒಂದೇ ಬಣ್ಣದ್ದಿರಲಿ. ಕತ್ತಲಲ್ಲಿ ಅವನನ್ನು ಹಿಡಿದೆಳೆಯಬೇಡಿ, ಅವನೇ ನಿಮ್ಮ ತೋಳನ್ನು ಮೊಣಕೈಗಿಂತ ಮೇಲೆ ಹಿಡಿದು ಅರ್ಧ ಹೆಜ್ಜೆ ಹಿಂದೆ ಬರಲಿ. ಪರೀಕ್ಷೆಯ ಫಲಿತಾಂಶ ಬರುವವರೆಗೆ ಬೈಕಿನ ಕೀ ನಿಮ್ಮ ಹತ್ತಿರವೇ ಇರಲಿ.